ಬೀದಿಬದಿಯ ನಿರಾಶ್ರಿತರನ್ನು ಚರ್ಚಿನ ಆಶ್ರಯಧಾಮಕ್ಕೆ ಸೇರಿಸುವುದು ಹೇಗೆ: ಬೆಂಗಳೂರಿಗರಿಗೊಂದು ಮಾರ್ಗದರ್ಶಿ

ಬಸ್ ನಿಲ್ದಾಣದ ಮೂಲೆಯಲ್ಲೋ ಮೇಲ್ಸೇತುವೆಯ ಕೆಳಗೋ ಬಾಗಿಲು ಹಾಕಿದ ಅಂಗಡಿಯ ಜಗಲಿಯ ಮೇಲೋ ದಿನವೂ ಕಣ್ಣಿಗೆ ಬೀಳುವ ಒಬ್ಬ ನಿರಾಶ್ರಿತರಿಗೆ ಏನಾದರೂ ನೆರವಾಗಬೇಕು ಎಂದು ಮನಸ್ಸು ಮಾಡಿದವರಿಗೆ ಬೆಂಗಳೂರಿನಲ್ಲಿ ಮೊದಲು ನೆನಪಾಗುವುದು ಚರ್ಚಿನವರು ನಡೆಸುವ ಆಶ್ರಯಧಾಮಗಳು. ಹಾಗೆ ನೆನಪಾದ ಕೂಡಲೇ ಆಟೊ ಹತ್ತಿಸಿಕೊಂಡು ಹೋಗಿ, ಗೇಟಿನಲ್ಲಿ "ಇಂಥವರನ್ನು ನಾವು ಸೇರಿಸಿಕೊಳ್ಳುವುದಿಲ್ಲ" ಎಂಬ ಉತ್ತರ ಕೇಳಿ, ಕತ್ತಲಾಗುವ ಹೊತ್ತಿಗೆ ಅವರನ್ನು ಮತ್ತೆ ಅದೇ ಜಗಲಿಯಲ್ಲಿ ಇಳಿಸಿ ಬರಬೇಕಾದ ಸಂದರ್ಭಗಳೂ ಉಂಟು. ಕರೆದೊಯ್ದವರ ಬೇಸರ ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ. ಹೋಗಿ ಬಂದವರು ಮಾತ್ರ ಮುಂದೆ ಯಾರು ಕರೆದರೂ ನಂಬುವುದಿಲ್ಲ. ಈ ಬರಹದ ಉದ್ದೇಶ ಅಂಥ ಸುತ್ತಾಟವನ್ನು ತಪ್ಪಿಸುವುದು. ಇದರಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ವಿಷಯ ಒಂದೇ: ಪ್ರತಿಯೊಂದು ಆಶ್ರಯಧಾಮವೂ ಒಂದು ನಿರ್ದಿಷ್ಟ ಬಗೆಯ ಜನರಿಗಾಗಿ ಇದೆ, ಆದ್ದರಿಂದ ಸರಿಯಾದ ಬಾಗಿಲು ಯಾವುದೆಂದು ಮೊದಲು ತಿಳಿದುಕೊಂಡು, ಸೇರಿಸಿದ ನಂತರವೂ ಜೊತೆಗಿರುವುದಾದರೆ ಮಾತ್ರ ಹೊರಡಬೇಕು.

ಯಾವ ಮನೆ ಯಾರಿಗೆ

ಚರ್ಚಿನ ಸೇವಾಕೇಂದ್ರಗಳನ್ನು ಹೊರಗಿನವರು ಒಂದೇ ಸಂಸ್ಥೆಯೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ನಡೆಸುವುದು ಬೇರೆ ಬೇರೆ ಧಾರ್ಮಿಕ ಸಭೆಗಳು, ಅಂದರೆ ವ್ರತ ತೊಟ್ಟ ಸಿಸ್ಟರ್‌ಗಳ (ಸನ್ಯಾಸಿನಿಯರ) ಅಥವಾ ಫಾದರ್‌ಗಳ ಸಂಘಗಳು. ಪ್ರತಿ ಸಭೆಗೂ ಅದರದೇ ಸ್ಥಾಪಕರು, ನಿಯಮಗಳು ಮತ್ತು ಹೊಣೆಗಾರಿಕೆ ಇವೆ. ಒಬ್ಬ ಫಾದರ್ ಅಥವಾ ಬಿಷಪ್ ಹೇಳಿದರೆ ಎಲ್ಲ ಬಾಗಿಲುಗಳೂ ತೆರೆಯುತ್ತವೆ ಎಂದು ತಿಳಿಯಬಾರದು.

ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದ ಪೂವರ್ ಸಭೆಯ ವೃದ್ಧಾಶ್ರಮವಿದೆ. ಫ್ರಾನ್ಸಿನಲ್ಲಿ 1839ರಲ್ಲಿ ಜಾನ್ ಜುಗಾನ್ ಎಂಬ ಮಹಿಳೆ ಕುರುಡು ವೃದ್ಧೆಯೊಬ್ಬಳನ್ನು ಹೊತ್ತು ತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಾಗ ಆರಂಭವಾದ ಸಭೆ ಇದು. 60 ವರ್ಷ ದಾಟಿದ, ಆಸರೆಯಿಲ್ಲದ ಬಡ ವೃದ್ಧರನ್ನು ಜಾತಿಮತ ನೋಡದೆ ಸೇರಿಸಿಕೊಳ್ಳುವುದು ಇವರ ಕೆಲಸ. ಖಾಯಂ ಆದಾಯದ ಮೂಲ ಇಟ್ಟುಕೊಳ್ಳದೆ ದಿನದಿನದ ದಾನದಿಂದಲೇ ಮನೆ ನಡೆಸಬೇಕೆಂಬುದು ಇವರು ಪಾಲಿಸಿಕೊಂಡು ಬಂದ ನಿಯಮವಾದ್ದರಿಂದ, ಸಿಸ್ಟರ್‌ಗಳೇ ಮಾರುಕಟ್ಟೆ, ಅಂಗಡಿಗಳಿಗೆ ಹೋಗಿ ದವಸಧಾನ್ಯ, ತರಕಾರಿ ಕೇಳಿ ತರುತ್ತಾರೆ. ಇಲ್ಲಿ ಹಾಸಿಗೆ ಖಾಲಿಯಾಗುವುದು ನಿಧಾನ. ಹೀಗಾಗಿ ಇಂದೇ ಬೇಕೆನ್ನುವ ತುರ್ತಿಗೆ ಇದು ಉತ್ತರವಲ್ಲ, ಹೆಸರು ಬರೆಸಿ ಕಾಯಲು ಸಾಧ್ಯವಿರುವ ವೃದ್ಧರಿಗೆ ಮಾತ್ರ ಸೂಕ್ತ.

ಮದರ್ ತೆರೇಸಾ 1950ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪಿಸಿದ ಮಿಷನರೀಸ್ ಆಫ್ ಚಾರಿಟಿಯ ಸಿಸ್ಟರ್‌ಗಳು ಬೇರೆ ಸಭೆಗಳವರಂತೆ ಮೂರು ವ್ರತಗಳನ್ನಲ್ಲದೆ ನಾಲ್ಕನೆಯದೊಂದನ್ನೂ ತೊಡುತ್ತಾರೆ. ಕಡುಬಡವರಿಗೆ ಮನಃಪೂರ್ವಕವಾಗಿ, ಉಚಿತವಾಗಿ ಸೇವೆ ಮಾಡುವುದೇ ಆ ವ್ರತ. ರಸ್ತೆಯಲ್ಲಿ ಬಿದ್ದಿರುವ, ಬೇರೆ ಯಾರೂ ಮುಟ್ಟಲು ಒಪ್ಪದ ರೋಗಿಗಳನ್ನು ನೋಡಿಕೊಳ್ಳುವುದು ಇವರ ಮೂಲ ಕೆಲಸ. ಆದರೆ ಸಭೆಯ ಎಲ್ಲ ಮನೆಗಳೂ ಒಂದೇ ಬಗೆಯವಲ್ಲ, ಮಕ್ಕಳ ಮನೆಗೆ ಗಂಡಸೊಬ್ಬರನ್ನು ಕರೆದೊಯ್ದರೆ ಸಿಸ್ಟರ್‌ಗಳಿಗೆ ಮನಸ್ಸಿದ್ದರೂ ಜಾಗವಿರುವುದಿಲ್ಲ.

ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಚಿಕಿತ್ಸೆ ಮತ್ತು ಪುನರ್ವಸತಿಗೆಂದು ಶುರುವಾಯಿತು. ಬೆರಳು ಮೊಂಡಾಗಿ, ಪಾದದಲ್ಲಿ ಒಣಗದ ಹುಣ್ಣಿರುವವರ ವಿಷಯದಲ್ಲಿ ಮೊದಲು ವಿಚಾರಿಸಬೇಕಾದದ್ದು ಅಲ್ಲಿ. ಮನೆ ಬಿಟ್ಟು ಬಂದು ಮೆಜೆಸ್ಟಿಕ್ಕಿನ ಸುತ್ತ ತಿರುಗುವ ಮಕ್ಕಳ ನಡುವೆ ಡಾನ್ ಬಾಸ್ಕೊ ಸಭೆಯ ಬಾಸ್ಕೊ ಸಂಸ್ಥೆ 1980ರಿಂದ ಕೆಲಸ ಮಾಡುತ್ತಿದೆ. ಮಕ್ಕಳ ವಿಷಯದಲ್ಲಿ ಮಾತ್ರ ಯಾವ ಚರ್ಚಿಗೂ ಆಶ್ರಮಕ್ಕೂ ನೀವೇ ನೇರವಾಗಿ ಕರೆದೊಯ್ಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು ಆ ಸಮಿತಿ.

ಇವೆಲ್ಲಕ್ಕಿಂತ ಹತ್ತಿರದ ಬಾಗಿಲು ನಿಮ್ಮ ಬಡಾವಣೆಯ ಚರ್ಚಿನದು. ಕಥೋಲಿಕ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಶಾಖೆ ಇರುವುದು ಸಾಮಾನ್ಯ. ಪ್ಯಾರಿಸ್ಸಿನಲ್ಲಿ 1833ರಲ್ಲಿ ವಿದ್ಯಾರ್ಥಿಗಳು ಕಟ್ಟಿದ ಈ ಸಭೆಯ ಸದಸ್ಯರು ಪಾದ್ರಿಗಳಲ್ಲ. ಉದ್ಯೋಗಸ್ಥರು, ನಿವೃತ್ತರು, ಗೃಹಿಣಿಯರು. ಇವರ ಬಳಿ ಹಾಸಿಗೆಗಳಿಲ್ಲ, ಆದರೆ ಯಾವ ಮನೆಯಲ್ಲಿ ಜಾಗವಿದೆ, ಯಾವ ಸಿಸ್ಟರನ್ನು ಕೇಳಬೇಕು ಎಂಬ ಅರಿವಿದೆ. ಬಾಡಿಗೆ ಕಟ್ಟಲಾಗದೆ ಬೀದಿಗೆ ಬೀಳುವ ಹಂತದಲ್ಲಿರುವ ಕುಟುಂಬಕ್ಕೆ ದಿನಸಿ, ಔಷಧಿ, ಸ್ವಲ್ಪ ಬಾಡಿಗೆ ಹಣ ಹೊಂದಿಸಿಕೊಡುವುದು ಇವರ ಕೆಲಸಗಳಲ್ಲಿ ಸೇರಿದೆ. ಬೀದಿಗೆ ಬಿದ್ದ ಮೇಲೆ ಎತ್ತುವುದಕ್ಕಿಂತ ಇದು ಎಷ್ಟೋ ಮೇಲು. ಭಾನುವಾರದ ಪೂಜೆ ಮುಗಿದ ನಂತರ ಚರ್ಚಿನ ಕಚೇರಿಯಲ್ಲಿ ವಿಚಾರಿಸಿದರೆ ಇವರ ಪರಿಚಯವಾಗುತ್ತದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತಿತರ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಸಭಾಪಾಲಕರನ್ನು ಕೇಳಬಹುದು.

ಮೊದಲು ಮಾತು, ಆಮೇಲೆ ಆಟೊ

ಬೀದಿಯಲ್ಲಿ ಮಲಗುವ ಎಲ್ಲರಿಗೂ ಆಶ್ರಮ ಬೇಕಾಗಿರುವುದಿಲ್ಲ. ಗಾರೆ ಕೆಲಸಕ್ಕೆಂದು ರಾಯಚೂರು, ಕಲಬುರಗಿ ಕಡೆಯಿಂದ ಬಂದು ಬಾಡಿಗೆ ಉಳಿಸಲು ಫುಟ್‌ಪಾತಿನಲ್ಲಿ ಮಲಗುವ ಕೂಲಿಕಾರರಿಗೆ ಬೇಕಾಗಿರುವುದು ರಾತ್ರಿ ಬೆಚ್ಚಗೆ ಮಲಗಲು ಜಾಗ ಮತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ. ಅವರಿಗೆ ನಗರಾಡಳಿತದ ರಾತ್ರಿ ತಂಗುದಾಣವೇ ಸರಿ. ಒಂದು ಲಕ್ಷ ಜನಸಂಖ್ಯೆಗೆ 100 ಮಂದಿ ತಂಗಬಹುದಾದ ಒಂದು ಕೇಂದ್ರ, ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ಅಷ್ಟು ಕೇಂದ್ರಗಳನ್ನು ಕೇಳುವ ಹಕ್ಕು ನಗರವಾಸಿಗಳಾದ ನಮಗಿದೆ, ಚರ್ಚುಗಳು ಇವೆಯೆಂಬ ಕಾರಣಕ್ಕೆ ಅದನ್ನು ಬಿಟ್ಟುಕೊಡಬಾರದು.

ಆದ್ದರಿಂದ ಮೊದಲ ಹೆಜ್ಜೆ ಮಾತು. ನಿಂತುಕೊಂಡು ಮಾತಾಡಿಸಬೇಡಿ, ಪಕ್ಕದಲ್ಲಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. "ಅಜ್ಜಿ, ಊಟ ಆಯ್ತಾ?" "ಯಜಮಾನ್ರೇ, ಯಾವೂರು ನಿಮ್ದು?" ಎಂಬಷ್ಟು ಸಾಕು. ಶಿವಾಜಿನಗರದ ಕಡೆಯಾದರೆ ತಮಿಳೋ ಉರ್ದುವೋ ಬರುವ ಗೆಳೆಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ತಮ್ಮ ಭಾಷೆ ಕಿವಿಗೆ ಬಿದ್ದಾಗ ತಿಂಗಳುಗಟ್ಟಲೆ ಬಾಯಿ ಬಿಡದವರೂ ಊರಿನ ಹೆಸರು ಹೇಳುತ್ತಾರೆ. ಮೊದಲ ದಿನವೇ ಆಶ್ರಮದ ವಿಷಯ ಎತ್ತಬೇಡಿ. ಎರಡು ಮೂರು ಸಲ ಹೋಗಿ ಬಂದ ಮೇಲೆ, ಹೋಗಲಿರುವ ಜಾಗ ಯಾವುದು, ಅಲ್ಲಿ ಯಾರಿದ್ದಾರೆ, ಬೇಕೆಂದಾಗ ಹೊರಗೆ ಹೋಗಲು ಬಿಡುತ್ತಾರೆಯೇ, ಬೀಡಿ ಸೇದಬಹುದೇ ಎಂಬುದನ್ನೆಲ್ಲ ಇದ್ದಂತೆ ಹೇಳಿ. ಬಹುತೇಕ ಆಶ್ರಮಗಳಲ್ಲಿ ಹೆಂಡ, ಬೀಡಿಗೆ ಅವಕಾಶವಿಲ್ಲ. ಅದನ್ನು ಮುಚ್ಚಿಟ್ಟು ಕರೆದೊಯ್ದರೆ ಅವರು ಮೂರನೆಯ ದಿನ ಗೋಡೆ ಹಾರಿ ಹೊರಡುತ್ತಾರೆ. ಒಪ್ಪದವರನ್ನು ಒತ್ತಾಯಿಸಬಾರದು. ಅವರಿಗೆ ಅಂದಿನ ಮಟ್ಟಿಗೆ ಹೊದಿಕೆ, ಊಟ, ಗಾಯಕ್ಕೆ ಪಟ್ಟಿ ಸಿಕ್ಕಿದರೆ ಅದೂ ನೆರವೇ.

ಇನ್ನೊಂದು ಎಚ್ಚರಿಕೆಯ ಮಾತು. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಜಾರಿಯಲ್ಲಿದೆ. ಭಿಕ್ಷೆ ಬೇಡುವಾಗ ಸಿಕ್ಕವರನ್ನು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳುಹಿಸುವುದುಂಟು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ವಸೂಲಾಗುವ ಶೇಕಡ 3ರ ಉಪಕರ ಈ ವ್ಯವಸ್ಥೆಗೇ ಹೋಗುತ್ತದೆ. ನೀವು ಯಾರಿಗೆ ಕರೆ ಮಾಡಿದರೂ "ಭಿಕ್ಷುಕರಿದ್ದಾರೆ" ಎನ್ನದೆ "ಆಸರೆಯಿಲ್ಲದ, ಕಾಯಿಲೆಯಿರುವ ವೃದ್ಧರಿದ್ದಾರೆ" ಎಂದು ಇರುವ ಸಂಗತಿಯನ್ನೇ ಹೇಳಿ. ಹೇಳುವ ಪದ ಬದಲಾದರೆ ಅವರು ಹೋಗಿ ಸೇರುವ ಜಾಗವೂ ಬದಲಾಗುತ್ತದೆ.

ಆಸ್ಪತ್ರೆಯೋ ಆಶ್ರಯಧಾಮವೋ

ಜ್ವರ, ಉಸಿರಾಟದ ತೊಂದರೆ, ಎಚ್ಚರವಿಲ್ಲದ ಸ್ಥಿತಿ, ಹುಳು ಬಿದ್ದ ಗಾಯ, ಇವುಗಳಲ್ಲಿ ಯಾವುದಿದ್ದರೂ ಆಶ್ರಮದ ಯೋಚನೆ ಬದಿಗಿಟ್ಟು ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಬೇಕು. ಆಶ್ರಮದಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವರು ಇರುತ್ತಾರೆಯೇ ಹೊರತು ತುರ್ತು ಚಿಕಿತ್ಸೆಯ ಸೌಲಭ್ಯ ಇರುವುದಿಲ್ಲ. ವಿಕ್ಟೋರಿಯಾ ಅಥವಾ ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗೆ ಸೇರಿಸುವಾಗ ಜೊತೆಗೊಬ್ಬರು ಇರಲೇಬೇಕು. ವಾರಸುದಾರರಿಲ್ಲದ ರೋಗಿಗೆ ಚೀಟಿ ಮಾಡಿಸಲು, ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋಗಲು, ಗಂಜಿ ಕುಡಿಸಲು ಯಾರೂ ಇಲ್ಲದಿದ್ದರೆ ಒಳ್ಳೆಯ ಆಸ್ಪತ್ರೆಯಲ್ಲೂ ಅವರು ಹಿಂದೆ ಉಳಿಯುತ್ತಾರೆ. 1886ರಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳು ಆರಂಭಿಸಿದ ಸೇಂಟ್ ಮಾರ್ಥಾಸ್ ಅಥವಾ ಕೋರಮಂಗಲದ ಸೇಂಟ್ ಜಾನ್ಸ್ ಚರ್ಚಿನ ಆಸ್ಪತ್ರೆಗಳೇ ಆದರೂ ಅಲ್ಲಿ ಎಲ್ಲವೂ ಉಚಿತವೆಂದು ಭಾವಿಸಿ ಹೋಗಬಾರದು. ದೊಡ್ಡ ಆಸ್ಪತ್ರೆಗಳಲ್ಲಿ ಬಿಲ್ಲಿನ ಬಗ್ಗೆ ಮಾತಾಡಬೇಕಾದದ್ದು ವೈದ್ಯಕೀಯ ಸಮಾಜಕಾರ್ಯ ವಿಭಾಗದವರ ಹತ್ತಿರ. ಬಿಡುಗಡೆಯ ದಿನ ಬರುವುದಕ್ಕೆ ಮುಂಚೆಯೇ ಅವರನ್ನು ಕಂಡರೆ ಆಶ್ರಯಧಾಮ ಹುಡುಕುವುದರಲ್ಲೂ ಅವರೇ ನೆರವಾಗುತ್ತಾರೆ.

ಮಾನಸಿಕ ಅಸ್ವಸ್ಥತೆಯಿಂದ ಅಲೆಯುವವರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ, ಆದರೆ ಅದನ್ನು ತಿಳಿದವರು ಕಡಿಮೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ನಿನಂತೆ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಅಂಥ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಪರೀಕ್ಷೆಗೆ ಕರೆದೊಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರ ಪತ್ತೆ ಇಲ್ಲವಾದರೆ ನಾಪತ್ತೆ ಪ್ರಕರಣ ದಾಖಲಿಸಿ ಹುಡುಕುವುದೂ ಠಾಣೆಯದೇ ಹೊಣೆ. ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದಾಗ ಈ ಸೆಕ್ಷನ್ನಿನ ಸಂಖ್ಯೆಯನ್ನು ವಿನಯದಿಂದಲೇ ಹೇಳಿ. ಚಿಕಿತ್ಸೆ ಶುರುವಾಗಿ, ಮಾತ್ರೆಗಳು ಗೊತ್ತಾಗಿ, ಸ್ಥಿತಿ ಹದಕ್ಕೆ ಬಂದ ಮೇಲೆ ಚರ್ಚಿನ ಮನೆಯವರು ಸೇರಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಒಂಟಿ ಮಹಿಳೆಯರಿಗೆ 181, ವೃದ್ಧರಿಗೆ 14567 ಸಹಾಯವಾಣಿಗಳಿವೆ. ರಾತ್ರಿ ಹೊತ್ತು ಹೆಣ್ಣುಮಗಳೊಬ್ಬಳನ್ನು ಕರೆದೊಯ್ಯಬೇಕಾಗಿ ಬಂದರೆ ಜೊತೆಗೆ ಮಹಿಳೆಯೊಬ್ಬರು ಇರಲಿ.

ಠಾಣೆಯ ಪತ್ರ ಮತ್ತು ಒಂದು ಫೋನ್ ಕರೆ

ವ್ಯಕ್ತಿ ಒಪ್ಪಿದ್ದಾರೆ, ಆಸ್ಪತ್ರೆಯ ಅಗತ್ಯವಿಲ್ಲ ಅಥವಾ ಮುಗಿದಿದೆ ಎಂದಾದ ಮೇಲೆ ಹೊರಡುವ ಮುನ್ನ ಎರಡು ಕೆಲಸಗಳಿವೆ. ಒಂದು, ಆಶ್ರಮಕ್ಕೆ ಫೋನ್ ಮಾಡುವುದು. ಪ್ರಾರ್ಥನೆಯ ಹೊತ್ತಾದ ಮುಂಜಾನೆ ಮತ್ತು ಸಂಜೆ ಬಿಟ್ಟು ಬೆಳಿಗ್ಗೆ ಹತ್ತರ ಸುಮಾರಿಗೆ ಕರೆ ಮಾಡಿದರೆ ಮಾತಿಗೆ ಸಿಗುತ್ತಾರೆ. ವಯಸ್ಸು, ಗಂಡೋ ಹೆಣ್ಣೋ, ಎದ್ದು ಓಡಾಡುತ್ತಾರೆಯೇ, ಮಲಮೂತ್ರದ ಹಿಡಿತವಿದೆಯೇ, ಕೆಮ್ಮು ಇದೆಯೇ, ಮಾತು ಅರ್ಥವಾಗುತ್ತದೆಯೇ, ಕುಡಿತವಿದೆಯೇ ಎಂಬ ಪ್ರಶ್ನೆಗಳನ್ನು ಅವರು ಕೇಳುತ್ತಾರೆ. ಯಾವುದನ್ನೂ ಮರೆಮಾಚಬೇಡಿ. ಕೆಮ್ಮಿದೆ ಎಂದರೆ ಕ್ಷಯದ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎನ್ನಬಹುದು. ಒಂದೇ ಕೋಣೆಯಲ್ಲಿ ಮೂವತ್ತು ನಲವತ್ತು ವೃದ್ಧರು ಮಲಗುವ ಮನೆಗೆ ಅದು ನ್ಯಾಯವಾದ ಬೇಡಿಕೆ. ಆ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಆಗುತ್ತದೆ.

ಎರಡು, ಆ ವ್ಯಕ್ತಿ ಇರುವ ಪ್ರದೇಶದ ಪೊಲೀಸ್ ಠಾಣೆಯಿಂದ ಪತ್ರ. ಹೆಚ್ಚಿನ ಆಶ್ರಮಗಳು ಇದಿಲ್ಲದೆ ಸೇರಿಸಿಕೊಳ್ಳುವುದಿಲ್ಲ, ಅದಕ್ಕೆ ಕಾರಣಗಳೂ ಇವೆ. ನಾಳೆ ಮನೆಯವರು ಹುಡುಕಿಕೊಂಡು ಬಂದು "ನಮ್ಮ ತಾಯಿಯನ್ನು ಕೇಳದೆ ಇಟ್ಟುಕೊಂಡಿದ್ದೀರಿ" ಎಂದರೆ ಉತ್ತರ ಕೊಡಬೇಕಾದವರು ಸಿಸ್ಟರ್‌ಗಳು. ಆಸ್ತಿಯ ಜಗಳದಲ್ಲಿ ಹೆತ್ತವರನ್ನು ಮಕ್ಕಳೇ ತಂದು "ದಾರಿಯಲ್ಲಿ ಸಿಕ್ಕಿದರು" ಎಂದು ಬಿಟ್ಟುಹೋಗುವುದನ್ನೂ ಈ ಪತ್ರ ತಡೆಯುತ್ತದೆ. ನೀವೇ ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಬರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಅದರಲ್ಲಿ ವ್ಯಕ್ತಿ ಯಾವ ಜಾಗದಲ್ಲಿ ಎಷ್ಟು ಕಾಲದಿಂದ ಕಾಣಿಸುತ್ತಿದ್ದಾರೆ, ಹೇಳಿಕೊಂಡ ಹೆಸರು ಮತ್ತು ಊರು, ಅಂದಾಜು ವಯಸ್ಸು, ಮೈಮೇಲಿನ ಗುರುತುಗಳು, ಯಾವ ಆಶ್ರಮಕ್ಕೆ ಅವರ ಒಪ್ಪಿಗೆಯಿಂದ ಸೇರಿಸಬೇಕೆಂದಿದ್ದೀರಿ, ನಿಮ್ಮ ಹೆಸರು ಮತ್ತು ಫೋನ್ ಸಂಖ್ಯೆ ಇರಲಿ. ಹಚ್ಚೆಯ ಗುರುತಿದ್ದರೆ ತಪ್ಪದೆ ಬರೆಯಿರಿ. ಮೊಣಕೈ ಮೇಲೆ ಹಾಕಿಸಿಕೊಂಡ ಗಂಡನ ಹೆಸರೋ ಮನೆದೇವರ ಹೆಸರೋ ಮುಂದೆ ಊರು ಹುಡುಕಲು ಆಧಾರವಾಗುತ್ತದೆ. ಅರ್ಜಿಯ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ ಹಾಕಿಸಿಕೊಂಡು ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಗೇಟಿನ ಬಳಿ

ಮಧ್ಯಾಹ್ನಕ್ಕೆ ಮುಂಚೆ ತಲುಪುವಂತೆ ಹೊರಡುವುದು ಒಳ್ಳೆಯದು. ಸ್ನಾನ, ಕ್ಷೌರ, ಉಗುರು, ಗಾಯದ ಆರೈಕೆ ಎಲ್ಲ ಹಗಲಿನಲ್ಲೇ ಆಗಬೇಕು. ಮನೆ ಸೇರಿದ ಮೊದಲ ಎರಡು ಗಂಟೆ ನಿಜಕ್ಕೂ ಕಷ್ಟದ ಹೊತ್ತು. ವರ್ಷಗಳಿಂದ ಜಡೆಗಟ್ಟಿದ ಕೂದಲನ್ನು ಹೇನಿನ ಕಾರಣಕ್ಕೆ ಪೂರ್ತಿ ತೆಗೆಯಬೇಕಾಗಿ ಬರಬಹುದು, ಬಟ್ಟೆ ಬದಲಿಸಬೇಕಾಗುತ್ತದೆ. ಆಗ ಪರಿಚಿತ ಮುಖವೆಂದು ಅವರ ಕಣ್ಣು ಹುಡುಕುವುದು ನಿಮ್ಮನ್ನೇ. ಸಹಿ ಹಾಕಿ ಹೊರಟುಬಿಡದೆ, ಅವರು ಊಟ ಮಾಡಿ ಹಾಸಿಗೆಯ ಮೇಲೆ ಕೂರುವವರೆಗೆ ಇರಿ.

ಅವರ ಗಂಟನ್ನು ಮಾತ್ರ ಯಾರೂ ಎಸೆಯದಂತೆ ನೋಡಿಕೊಳ್ಳಿ. ನೋಡಲು ಕೊಳಕಾದ ಆ ಪ್ಲಾಸ್ಟಿಕ್ ಚೀಲದೊಳಗೆ ಹಳೆಯ ಪಡಿತರ ಚೀಟಿ, ಮಡಚಿ ಮಡಚಿ ಸವೆದ ಫೋನ್ ನಂಬರಿನ ಕಾಗದ, ಮಗನ ಬಾಲ್ಯದ ಪಟ, ಸತ್ತ ಗಂಡನ ಕೈಗಡಿಯಾರ, ಚೂರುಪಾರು ಹಣ ಇರಬಹುದು. ಅವರ ಎದುರಿನಲ್ಲೇ ಬಿಚ್ಚಿ, ಒಂದೊಂದನ್ನೂ ಕೇಳಿ, ಇಟ್ಟುಕೊಳ್ಳುವುದನ್ನು ಹೊಸ ಚೀಲಕ್ಕೆ ಹಾಕಿ, ಹಣವಿದ್ದರೆ ಎಣಿಸಿ ದಾಖಲೆ ಪುಸ್ತಕದಲ್ಲಿ ಬರೆಸಿ. ಗಂಟು ಕಳೆದುಹೋಯಿತೆಂಬ ಕಾರಣಕ್ಕೇ ಅವರು ಆಶ್ರಮ ಬಿಟ್ಟು ಹೋಗಬಹುದು.

ದಾಖಲೆಯಲ್ಲಿ ಅವರ ಧರ್ಮವನ್ನೂ ಅವರೇ ಹೇಳಿದಂತೆ ಬರೆಸಿ. ಚರ್ಚಿನ ಮನೆಗೆ ಹೋದರೆ ಮತ ಬದಲಿಸಬೇಕಾಗುತ್ತದೆಯೇ ಎಂದು ಅವರೂ ಅವರ ಬಂಧುಗಳೂ ಕೇಳುವುದು ಸಹಜ, ಅದಕ್ಕೆ ನೇರ ಉತ್ತರ ಕೊಡಬೇಕು: ಸೇರುವುದಕ್ಕೆ ಅಂಥ ಷರತ್ತಿಲ್ಲ, ಮನೆಯಲ್ಲಿ ಕ್ರೈಸ್ತ ಪ್ರಾರ್ಥನೆ ನಡೆಯುತ್ತದೆ, ಕೂರುವುದು ಬಿಡುವುದು ಅವರಿಷ್ಟ. ಕೋಲ್ಕತ್ತದ ಕಾಳಿಘಾಟಿನಲ್ಲಿ 1952ರಲ್ಲಿ ಮದರ್ ತೆರೇಸಾ ತೆರೆದ ನಿರ್ಮಲ ಹೃದಯದಲ್ಲಿ ಸತ್ತವರ ಅಂತ್ಯಕ್ರಿಯೆಯನ್ನು ಅವರವರ ಧರ್ಮದಂತೆಯೇ ಮಾಡಿಸುತ್ತಿದ್ದರು. ನೀವು ಸೇರಿಸುವ ಮನೆಯಲ್ಲೂ ಹಾಗೆಯೇ ನಡೆಯಬೇಕಾದರೆ ಆ ದಾಖಲೆ ಈಗಲೇ ಸರಿಯಾಗಿರಬೇಕು.

ಜಾಗವಿಲ್ಲವೆಂಬ ಉತ್ತರ ಬಂದರೆ ವಾದಕ್ಕಿಳಿಯಬೇಡಿ. ಇನ್ನಾವ ಮನೆಯಲ್ಲಿ ಕೇಳಬಹುದೆಂದು ಸಿಸ್ಟರನ್ನೇ ಕೇಳಿ, ಅವರಿಂದಲೇ ಒಂದು ಫೋನ್ ಮಾಡಿಸಿ. ಅಲ್ಲಿಯವರೆಗೆ ರಾತ್ರಿ ತಂಗುದಾಣದಲ್ಲಿ ಉಳಿಸುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಬೇಕು.

ಸೇರಿಸಿದ ಮೇಲೆ

ಮೊದಲ ವಾರ ಒಮ್ಮೆಯಾದರೂ ಹೋಗಿ ನೋಡಿ ಬನ್ನಿ, ಆಮೇಲೆ ತಿಂಗಳಿಗೊಮ್ಮೆ. ಕೈಯಲ್ಲಿ ಬಾಳೆಹಣ್ಣು ಇದ್ದರೆ ಸಾಕು. ಈ ಅವಧಿಯಲ್ಲಿ ಮಾಡಬಹುದಾದ ದೊಡ್ಡ ಕೆಲಸ ಗುರುತಿನ ದಾಖಲೆ. ಮಾನ್ಯತೆ ಪಡೆದ ಆಶ್ರಯಧಾಮದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರದ ಆಧಾರದ ಮೇಲೆ ಆಧಾರ್ ಮಾಡಿಸಬಹುದು. ಹಿಂದೆ ಎಂದೋ ಮಾಡಿಸಿದ್ದರೆ ಬೆರಳಚ್ಚಿನಿಂದಲೇ ಅದು ಪತ್ತೆಯಾಗಿ ಊರಿನ ವಿಳಾಸವೂ ಸಿಗಬಹುದು. ಆಧಾರ್ ಇದ್ದರೆ ಬ್ಯಾಂಕ್ ಖಾತೆ, 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಆಸ್ಪತ್ರೆಯ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು, ಹೀಗೆ ಒಂದರ ಹಿಂದೆ ಒಂದಕ್ಕೆ ಅರ್ಜಿ ಹಾಕಬಹುದು. ಇಪ್ಪತ್ತು ರೋಗಿಗಳ ನಡುವೆ ಓಡಾಡುವ ಸಿಸ್ಟರ್‌ಗಳಿಗೆ ನಾಡಕಚೇರಿಯ ಸಾಲಿನಲ್ಲಿ ನಿಲ್ಲಲು ಸಮಯವಿರುವುದಿಲ್ಲ. ಒಂದು ಬೆಳಿಗ್ಗೆ ರಜೆ ಹಾಕಿ ಆ ಸಾಲಿನಲ್ಲಿ ನಿಲ್ಲುವವರು ಅವರಿಗೆ ಒಂದು ಮೂಟೆ ಅಕ್ಕಿ ತಂದವರಿಗಿಂತ ಹೆಚ್ಚು.

ಊರು ಗೊತ್ತಾದರೆ ಅಲ್ಲಿನ ಠಾಣೆಗೋ ಪಂಚಾಯಿತಿಗೋ ಫೋನ್ ಮಾಡಿ ವಿಚಾರಿಸಬಹುದು. ಆದರೆ ಮನೆಗೆ ಮರಳಬೇಕೇ ಎಂಬುದನ್ನು ಅವರೇ ಹೇಳಬೇಕು. ಹೊಡೆತ ತಾಳಲಾರದೆ ಬಂದವರನ್ನು ಹೊಡೆದವರ ಕೈಗೇ ಒಪ್ಪಿಸಬಾರದು. ಒಂದು ದಿನ ಅವರು ಹೇಳದೆ ಕೇಳದೆ ಹೊರಟುಹೋಗಲೂಬಹುದು. ಹಾಗಾದರೆ ಠಾಣೆಗೆ ತಿಳಿಸಿ, ಮೊದಲು ಕಂಡಿದ್ದ ಜಾಗದಲ್ಲಿ ಹುಡುಕಿ. ಸಿಕ್ಕಿದರೆ ಗದರಿಸದೆ, ಏನು ಒಗ್ಗಲಿಲ್ಲ ಎಂದು ಕೇಳಿ. ಹೆಚ್ಚಿನ ಸಿಸ್ಟರ್‌ಗಳು ಎರಡನೆಯ ಸಲವೂ ಸೇರಿಸಿಕೊಳ್ಳುತ್ತಾರೆ.

ಕೊಡುವವರಿಗೆ

ಹುಟ್ಟುಹಬ್ಬಕ್ಕೋ ತಿಥಿಗೋ ಊಟ ಕೊಡಿಸುವವರು ಮೊದಲೇ ದಿನ ಕೇಳಿಕೊಳ್ಳಬೇಕು. ಕ್ರಿಸ್ಮಸ್ ವಾರದಲ್ಲಿ ಮೂರು ಕಡೆಯಿಂದ ಬಿರಿಯಾನಿ ಬರುವ ಮನೆಗೆ ಜೂನ್ ತಿಂಗಳಲ್ಲಿ ಬೇಳೆಗೂ ಕಷ್ಟವಿರುತ್ತದೆ. ಸಕ್ಕರೆ ಕಾಯಿಲೆಯ ವೃದ್ಧರಿಗೆ ಲಾಡು, ಜಾಮೂನಿನಿಂದ ಉಪಯೋಗವಿಲ್ಲ. ಸದಾ ಬೇಕಾಗುವುವು ವಯಸ್ಕರ ಡೈಪರ್, ನೈಟಿ, ಲುಂಗಿ, ಟವೆಲ್, ಫಿನಾಯಿಲ್, ಡೆಟ್ಟಾಲ್, ಗಾಯದ ಬಟ್ಟೆ ಮತ್ತು ಕೊಬ್ಬರಿ ಎಣ್ಣೆ. ಅವಧಿ ಮೀರಿದ ಮಾತ್ರೆಗಳನ್ನೂ ಹರಿದ ಬಟ್ಟೆಗಳನ್ನೂ ಕೊಡಬೇಡಿ. ಅಲ್ಲಿರುವವರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕಬೇಡಿ. ಮನೆಯವರಿಗೆ ತಿಳಿಯಬಾರದೆಂದು ಬಂದವರು ಅವರಲ್ಲಿರುತ್ತಾರೆ.

ಹಣ ಕೊಡುವುದಾದರೆ ರಸೀದಿ ಪಡೆಯಿರಿ. ತೆರಿಗೆ ವಿನಾಯಿತಿ ಬೇಕೆನ್ನುವವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಕೊಡಬೇಕು. ಹೊರದೇಶಗಳಲ್ಲಿರುವ ಕನ್ನಡಿಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆ ಎನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿರುವ ಸಂಸ್ಥೆಗಳು ಮಾತ್ರ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಯ ಮೂಲಕ ಪಡೆಯಬಹುದು. ಈ ನಿಯಮ ತಪ್ಪಿದರೆ ತೊಂದರೆಗೆ ಸಿಲುಕುವುದು ಆಶ್ರಮ. ಮಿಷನರೀಸ್ ಆಫ್ ಚಾರಿಟಿಯಂಥ ದೊಡ್ಡ ಸಭೆಯ ನೋಂದಣಿ ನವೀಕರಣವೇ 2021ರ ಡಿಸೆಂಬರಿನಲ್ಲಿ ನಿರಾಕರಣೆಯಾಗಿ, ಮರು ತಿಂಗಳು ಮತ್ತೆ ಸಿಕ್ಕಿತು. ಆದ್ದರಿಂದ ಹಣ ಕಳುಹಿಸುವ ಮುನ್ನ ನಿಮ್ಮ ಪೌರತ್ವ ಯಾವುದೆಂದು ಆಶ್ರಮದ ಕಚೇರಿಗೆ ಬರೆದು ತಿಳಿಸಿ, ಅವರು ಕೊಡುವ ಖಾತೆ ಸಂಖ್ಯೆಗೇ ಹಾಕಿ.